ಅಪ್‌ಡೇಟ್: ಹಳೆಯ 3 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಕಾಣೆಯಾಗಿದ್ದ ಜಾಗ ಸಿಕ್ಕಿತು

ಸೆಕೆಂಡ್ ಹ್ಯಾಂಡ್ 3 ಟಿಬಿ ಡಿಸ್ಕ್‌ನಲ್ಲಿ 2048 ಜಿಬಿ ಮಾತ್ರ ಬಳಸಲು ಆಗುತ್ತಿದೆ ಎಂದು ಹೋದ ವಾರ ಕೇಳಿದ್ದೆನಲ್ಲ, ಈಗ ಸರಿಹೋಯಿತು. ಕೇಬಲ್ ಬದಲಿಸಿದೆ, ಎರಡು ಸಲ ಫಾರ್ಮ್ಯಾಟ್ ಮಾಡಿದೆ, ಏನೂ ಆಗಲಿಲ್ಲ. ಪಾರ್ಟಿಷನ್ ಟೇಬಲ್ (ಡಿಸ್ಕ್‌ನ ಜಾಗ ಹೇಗೆ ಭಾಗವಾಗಿದೆ ಅನ್ನುವ ಪಟ್ಟಿ) ನೋಡಿ ಅಂದವರ ಮಾತೇ ನಿಜವಾಯಿತು, ತುಂಬಾ ಥ್ಯಾಂಕ್ಸ್.

ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಕೊನೆಯಲ್ಲಿ ಕಪ್ಪು ಪಟ್ಟಿ, 746 ಜಿಬಿ ಸುಮ್ನೆ ಬಿದ್ದಿತ್ತು. ರೈಟ್ ಕ್ಲಿಕ್ ಮಾಡಿದರೆ ‘ನ್ಯೂ ವಾಲ್ಯೂಮ್’ ಮಸುಕು. ಡಿಸ್ಕ್ ಎಂಬಿಆರ್ ಅನ್ನುವ ಹಳೆಯ ಬಗೆಯ ಪಾರ್ಟಿಷನ್ ಟೇಬಲ್‌ನಲ್ಲಿತ್ತು, ಅದು 2 ಟಿಬಿಗಿಂತ ಜಾಸ್ತಿ ಲೆಕ್ಕ ಇಡಲಾರದು.

ವಿಂಡೋಸ್‌ನಲ್ಲೇ ಇರುವ ಡಿಸ್ಕ್‌ಪಾರ್ಟ್ ಎಂಬ ಕಮಾಂಡ್ ಟೂಲ್‌ನಲ್ಲಿ ‘ಕ್ಲೀನ್’, ಆಮೇಲೆ ‘ಕನ್ವರ್ಟ್ ಜಿಪಿಟಿ’ ಕೊಟ್ಟೆ (ಜಿಪಿಟಿ ಅಂದರೆ ದೊಡ್ಡ ಡಿಸ್ಕ್‌ಗೂ ಆಗುವ ಹೊಸ ಬಗೆಯ ಪಾರ್ಟಿಷನ್ ಟೇಬಲ್). ಕ್ಲೀನ್ ಕೊಟ್ಟರೆ ಒಳಗಿರುವುದೆಲ್ಲ ಹೋಗುತ್ತದೆ. ದಯವಿಟ್ಟು ಡಿಸ್ಕ್ ನಂಬರ್ ಎರಡೆರಡು ಸಲ ನೋಡಿಕೊಳ್ಳಿ.

ಈಗ 2794 ಜಿಬಿ ಕಾಣುತ್ತಿದೆ. 3000 ಯಾಕಿಲ್ಲ ಅಂದರೆ, ಡಿಸ್ಕ್ ಮಾಡುವವರದು 1000ದ ಲೆಕ್ಕ, ವಿಂಡೋಸ್‌ನದು 1024ರದು. ಇದು ನನಗೆ ಗೊತ್ತೇ ಇರಲಿಲ್ಲ.