ಫಿಸಿಯೋಥೆರಪಿ ಮುಗಿಸಿದ ಮೇಲೆ ಡಾಕ್ಟರ್ ಓದು, ಅದೂ ಸ್ಕಾಲರ್‌ಶಿಪ್‌ನಲ್ಲಿ: ಆಗುತ್ತಾ?

ಫಿಸಿಯೋ_ಐಸಿಯು:
ಡಿಗ್ರಿ ಮುಗಿದು ಎರಡು ವರ್ಷ ಆಯ್ತು, ಐಸಿಯುನಲ್ಲಿ ಕೆಲಸ. ಸ್ಟ್ರೋಕ್ ಆದವರನ್ನು ಮೆಲ್ಲಗೆ ಎಬ್ಬಿಸಿ ಹಾಸಿಗೆ ಅಂಚಲ್ಲಿ ಕೂರಿಸುತ್ತೇನೆ, ಪಾದ ನೆಲಕ್ಕೆ ತಾಗಿಸುತ್ತೇನೆ. ಅಷ್ಟರಲ್ಲಿ ಬಿಪಿ ಇಳಿದರೆ ಮತ್ತೆ ಮಲಗಿಸಿ ಡಾಕ್ಟರಿಗೆ ಕಾಯಬೇಕು. ಔಷಧಿ ಏನು ಬದಲಿಸಬೇಕು ಅನ್ನೋದು ನನಗೂ ಗೊತ್ತಿರಬೇಕು ಅನ್ನೋ ಆಸೆ ಬಿಡ್ತಾನೇ ಇಲ್ಲ. ಯಾವ ದೇಶ ಅಂತ ಇನ್ನೂ ಗಟ್ಟಿ ಮಾಡಿಲ್ಲ. ಓದಿದ ಡಿಗ್ರಿಗೆ ವರ್ಷ ಏನಾದರೂ ಕಡಿಮೆ ಆಗುತ್ತಾ? ಹಳೆ ಸಾಲವೇ ತೀರಿಲ್ಲ, ಸ್ಕಾಲರ್‌ಶಿಪ್ ಸಿಗದಿದ್ದರೆ ಆಗದ ಮಾತು.

ಹಳೇಪುಸ್ತಕ:
ದೇಶದ ಮೇಲೆ ಹೋಗುತ್ತೆ. ಭಾರತದಲ್ಲಿ ಫಿಸಿಯೋದಿಂದ ಎಂಬಿಬಿಎಸ್‌ಗೆ ನೇರ ದಾರಿ ಇಲ್ಲ, ಎಲ್ಲರ ಹಾಗೆ ನೀಟ್ ಬರೆದು ಮೊದಲ ವರ್ಷದಿಂದಲೇ ಶುರು ಮಾಡಬೇಕು. ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲಿ ತೆಗೆದಿದ್ದಾರೆ, ಅದೊಂದು ಸಮಾಧಾನ. ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾದಲ್ಲಿ ಡಿಗ್ರಿ ಆದವರಿಗೇ ಅಂತ 4 ವರ್ಷದ ಕೋರ್ಸ್ ಇದೆ, ತುಂಬಾ ಕಡೆ ಗ್ಯಾಮ್ಸಾಟ್ ಅನ್ನೋ ಪ್ರವೇಶ ಪರೀಕ್ಷೆಯ ಅಂಕ ಕೇಳುತ್ತಾರೆ. ಅದರಲ್ಲಿ ಪ್ರಬಂಧವೂ ಬರೆಯಬೇಕು, ಬರೀ ವಿಜ್ಞಾನ ಓದಿಕೊಂಡು ಹೋದರೆ ಸಾಲದು. ಅಮೆರಿಕದಲ್ಲೂ 4 ವರ್ಷ, ಎಂಕ್ಯಾಟ್ ಅನ್ನೋ ಅಲ್ಲಿನ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮಂಥವರು ಅಲ್ಲಿ ಸಾಮಾನ್ಯವಾಗಿ ಎಡವೋದು ಆರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತು ಫಿಸಿಕ್ಸ್‌ನಲ್ಲಿ. ನಿಮ್ಮ ಅಂಕಪಟ್ಟಿಯಲ್ಲಿ ಅವೆರಡೂ ಇವೆಯಾ ಅಂತ ಮೊದಲು ನೋಡಿ.

ಲೆಕ್ಕದಮ್ಮ:
ದುಡ್ಡಿನ ವಿಷಯ ಹೇಳ್ತೀನಿ. ನ್ಯೂಯಾರ್ಕ್‌ನ ಎನ್‌ವೈಯು ಮೆಡಿಕಲ್ ಕಾಲೇಜು 2018ರಿಂದ, ಆಲ್ಬರ್ಟ್ ಐನ್‌ಸ್ಟೈನ್ ಮೆಡಿಕಲ್ ಕಾಲೇಜು 2024ರಿಂದ ಬೋಧನಾ ಶುಲ್ಕ ತೆಗೆದುಕೊಳ್ಳುತ್ತಿಲ್ಲ. ಆದರೆ ಶುಲ್ಕ ಮಾತ್ರ ಮಾಫಿ, ಊಟ ಬಾಡಿಗೆ ನಿಮ್ಮದೇ, ಸೀಟಿಗೆ ಪೈಪೋಟಿ ಹೇಳೋದೇ ಬೇಡ. ಅಮೆರಿಕ ಸೇನೆಯ ಸ್ಕಾಲರ್‌ಶಿಪ್ ಮತ್ತು ನ್ಯಾಷನಲ್ ಹೆಲ್ತ್ ಸರ್ವೀಸ್ ಕೋರ್ ಅನ್ನೋ ಸರ್ಕಾರಿ ಯೋಜನೆಯ ಸ್ಕಾಲರ್‌ಶಿಪ್ ಎರಡೂ ಅಲ್ಲಿನ ಪ್ರಜೆಗಳಿಗೆ. ಪ್ರತಿಯಾಗಿ ಅವರು ಹೇಳಿದ ಕಡೆ ಕೆಲಸ ಮಾಡಬೇಕು, ಹೆಲ್ತ್ ಸರ್ವೀಸ್ ಕೋರ್‌ನದ್ದಾದರೆ ಡಾಕ್ಟರ್‌ಗಳೇ ಕಡಿಮೆ ಇರುವ ಪ್ರದೇಶಗಳಲ್ಲಿ. ಸರ್ಕಾರಿ ಸಹಾಯ ಸಾಮಾನ್ಯವಾಗಿ ಹೀಗೇ, ಮೊದಲು ತನ್ನ ಜನಕ್ಕೆ. ಅದಕ್ಕೇ ಕಾಲೇಜು ಹುಡುಕೋ ಮುಂಚೆ ನಿಮ್ಮ ಪಾಸ್‌ಪೋರ್ಟಿಗೆ ಏನು ಸಿಗುತ್ತೆ ಅಂತ ಹುಡುಕಿ.

ಎಕ್ಸ್‌ರೇ_ಅಣ್ಣ:
ನಾನು ರೇಡಿಯೋಗ್ರಾಫರ್ ಆಗಿದ್ದೆ, ಈಗ ಮೆಡಿಕಲ್ 3ನೇ ವರ್ಷ. ಸ್ಕಾಲರ್‌ಶಿಪ್ ಪತ್ರ ಬಂದ ಖುಷಿಯಲ್ಲಿ ನಾಲ್ಕನೇ ಪುಟ ಓದಿರಲಿಲ್ಲ. ಪ್ರತಿ ವರ್ಷ ಇಷ್ಟು ಅಂಕ ಬಂದರೆ ಮಾತ್ರ ಮುಂದುವರಿಯುತ್ತೆ ಅಂತ ಅಲ್ಲಿ ಇತ್ತು. ಬಯೋಕೆಮಿಸ್ಟ್ರಿಯಲ್ಲಿ ಕಮ್ಮಿ ಬಂತು, ಎರಡನೇ ವರ್ಷದ ಹಣ ಅರ್ಧಕ್ಕೆ ಇಳಿಯಿತು, ವಾರಾಂತ್ಯ ಪೂರ್ತಿ ಎಕ್ಸ್‌ರೇ ಡ್ಯೂಟಿ ಮಾಡಿ ತುಂಬಿಸಿದೆ. ದಯವಿಟ್ಟು ಪೂರ್ತಿ ಓದಿ ಸಹಿ ಹಾಕಿ ಅಕ್ಕಾ.

ಇಂಟರ್‌ವ್ಯೂನಲ್ಲಿ "ಇರೋ ಕೆಲಸ ಯಾಕೆ ಸಾಲದು?" ಅಂತ ಕೇಳೇ ಕೇಳುತ್ತಾರೆ. ಫಿಸಿಯೋ ಕೆಲಸವನ್ನು ಕೀಳು ಮಾಡಿ ಮಾತಾಡಬೇಡಿ. ಆ ಬಿಪಿ ಇಳಿಯೋ ವಿಷಯ ಬರೆದಿದ್ದೀರಲ್ಲ, ಅದನ್ನೇ ಹೇಳಿ.

ಫಿಸಿಯೋ_ಐಸಿಯು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಕಪಟ್ಟಿ ತೆಗೆದು ನೋಡಿದೆ. ಬಯೋಮೆಕ್ಯಾನಿಕ್ಸ್ ಇದೆ, ಆರ್ಗ್ಯಾನಿಕ್ ಕೆಮಿಸ್ಟ್ರಿ ಇಲ್ಲವೇ ಇಲ್ಲ. ಅದನ್ನು ಕೆಲಸದ ಜೊತೆಗೆ, ಸಂಜೆ ಕ್ಲಾಸಿನಲ್ಲಿ ಮುಗಿಸಿದವರು ಇಲ್ಲಿ ಯಾರಾದರೂ ಇದ್ದೀರಾ?