ಮುತ್ಯಾನ ಅಪ್ಪ ಯಾವ ಊರಿನಿಂದ ಬಂದ? ಕೈಯಲ್ಲಿರುವುದು ಒಂದು ಉರ್ದು ಕಾಗದ

ತೊಗರಿಹೊಲ
ಎಲ್ಲರಿಗೂ ಶರಣು. ನಮ್ಮದು ಚಿತ್ತಾಪುರ ತಾಲೂಕು, ಕಾಗಿಣಾ ದಂಡೆಯ ಹಳ್ಳಿ. ನನ್ನ ಮುತ್ಯಾನ (ಅಜ್ಜನ) ಅಪ್ಪ ಈ ಊರಿನವನಲ್ಲ. ಬರಗಾಲದಲ್ಲಿ ಒಂದು ಜೋಡಿ ಎತ್ತು ಹೊಡೆದುಕೊಂಡು ಬಂದ, ಮೊದಲು ಶಹಾಬಾದ್ ಕಡೆ ಫರ್ಸಿ (ನೆಲಹಾಸು ಕಲ್ಲು) ಖಣಿಯಲ್ಲಿ ದುಡಿದ, ಆಮೇಲೆ ಇಲ್ಲಿ ಹೊಲ ಹಿಡಿದ ಅಂತ ಮನೆಯಲ್ಲಿ ಹೇಳುತ್ತಾರೆ. ಎಲ್ಲಿಂದ ಬಂದ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಆಯಿಗೆ, ಅಂದರೆ ಮುತ್ಯಾನ ಹೆಂಡತಿಗೆ, ಈಗ 86. ಆಕೆ ಮದುವೆಯಾಗಿ ಬರುವ ಹೊತ್ತಿಗೆ ಮಾವ ತೀರಿಕೊಂಡು ಎರಡು ವರ್ಷ ಆಗಿತ್ತಂತೆ, ಮುಖ ಕೂಡ ನೋಡಿಲ್ಲ. ಆಕೆ ಇರುವಾಗಲೇ ತಿಳಿದುಕೊಳ್ಳಬೇಕು ಅನ್ನೋದು ನನ್ನ ಆಸೆ.

ನನ್ನ ಹತ್ತಿರ ಇರೋದು ಎರಡೇ ಕಾಗದ. ಒಂದು 1954-55ರ ಖಾಸ್ರಾ ಪಹಣಿ (ಹೊಲ ಯಾರದು, ಸಾಗುವಳಿ ಯಾರದು ಅನ್ನೋ ದಾಖಲೆ) ನಕಲು, ಅದರಲ್ಲಿ ಮುತ್ಯಾನ ಹೆಸರಿದೆ. ಇನ್ನೊಂದು ಸಂದೂಕದ ತಳದಲ್ಲಿ ಸಿಕ್ಕ ಉರ್ದು ಕಾಗದ. ನಾಲ್ಕು ಮಡಿಕೆ, ಮಡಿಚಿದ ಜಾಗದಲ್ಲಿ ತೂತು, ಕೆಳಗೆ ಒಂದು ನೀಲಿ ಹೆಬ್ಬೆಟ್ಟು. ಕಿರಾಣಿ ಅಂಗಡಿಯ ಚಾಚಾ ಮೂಲೆಯ ಅಂಕಿ 1340 ಅಂತ ಓದಿದರು, ಕೈಬರಹ ಅವರಿಗೂ ಬರಲಿಲ್ಲ. 1340 ಅಂದರೆ ಹಿಜರಿ ಲೆಕ್ಕವಾ? ಮುಂದೆ ಎಲ್ಲಿ ಹುಡುಕಲಿ?

ಹಳೆ ದಫ್ತರ
ತಮ್ಮಾ, ನಾನು ಗ್ರಾಮ ಲೆಕ್ಕಿಗನಾಗಿ ನಿವೃತ್ತನಾದವನು. ನಿಜಾಮರ ಕಾಲದ ಕಂದಾಯ ಕಾಗದದಲ್ಲಿ ಫಸ್ಲಿ, ಅಂದರೆ ಬೆಳೆ-ಕಂದಾಯದ ಲೆಕ್ಕದ ವರ್ಷವೇ ಜಾಸ್ತಿ. ಫಸ್ಲಿಗೆ 590 ಕೂಡಿಸಿ, ವರ್ಷ ಅಕ್ಟೋಬರಿಗೆ ಶುರು. ಹಾಗಾದರೆ 1340 ಅಂದರೆ 1930-31. ಹಿಜರಿ ಆಗಿದ್ದರೆ 1921-22 ಆಗುತ್ತೆ, ಒಂಬತ್ತು ವರ್ಷದ ಫರಕು, ಅದಕ್ಕೇ ತಿಂಗಳ ಹೆಸರು ನೋಡಬೇಕು. ಬಹಮನ್, ಖುರ್ದಾದ್, ತೀರ್ ಅಂತಿದ್ದರೆ ಫಸ್ಲಿ. ಮೊಹರಂ, ರಜಬ್ ಅಂತಿದ್ದರೆ ಹಿಜರಿ.

ಆಮೇಲೆ ಆ ಬರದ ಮಾತು. 1876-78ರ ದೊಡ್ಡ ಬರ ಅಂತ ಹಿಡಿಯಬೇಡಿ, ಆತ 1950ರ ಸುಮಾರಿಗೆ ತೀರಿಕೊಂಡಿದ್ದರೆ ಆ ಬರದಲ್ಲಿ ಎತ್ತು ಹೊಡೆಯುವ ವಯಸ್ಸು ಆಗಿರಲಿಕ್ಕಿಲ್ಲ. ನಮ್ಮ ಹಿರಿಯರು ಯಾವ ಬರ ಬಂದರೂ ಬರಗಾಲ ಅಂತಲೇ ಹೇಳುತ್ತಿದ್ದರು.

ತಹಸೀಲ್ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರ್ ಕೊಟ್ಟು ಸೇತ್ವಾರ್ (ಹಳೆ ಸರ್ವೆಯ ಹೊಲವಾರು ಪುಸ್ತಕ) ಕೇಳಿ, ವಸೂಲ್ ಬಾಕಿ (ಕಂದಾಯ ಕಟ್ಟಿದ, ಉಳಿದ ಲೆಕ್ಕ) ಕೇಳಿ. ಖಾಸ್ರಾದಲ್ಲಿ ಪಟ್ಟೇದಾರನ ಕಾಲಂ ಒಂದೇ ನೋಡಿ ಬಿಡಬೇಡಿ, ಸಾಗುವಳಿ ಮಾಡುವವನ ಕಾಲಂ ಬೇರೆ ಇರುತ್ತೆ, ಬಡವರ ಹೆಸರು ಸಿಗೋದು ಅಲ್ಲೇ. ನಿಮ್ಮ ಹಳ್ಳಿ ದಿವಾನಿಯೋ (ನೇರ ಸರ್ಕಾರದ್ದೋ) ಜಾಗೀರೋ (ಇನಾಮಾಗಿ ಒಬ್ಬರಿಗೆ ಬಿಟ್ಟದ್ದೋ) ಅಂತಲೂ ಕೇಳಿ. ಆಳಂದದ ಹಾಗೆ ಪೈಗಾ (ನಿಜಾಮರ ದೊಡ್ಡ ಸರದಾರ ಮನೆತನದ ಜಾಗೀರು) ಆಗಿದ್ದ ಕಡೆ, ಜಾಗೀರು ಇದ್ದ ಕಡೆ, 1949ರಲ್ಲಿ ಜಾಗೀರು ಹೋಗುವವರೆಗೂ ಲೆಕ್ಕ ಜಾಗೀರದಾರರ ಕಚೇರಿಯಲ್ಲಿತ್ತು. ತಹಸೀಲಿನಲ್ಲಿ ಸಿಗದಿದ್ದರೆ ಕಾಗದವೇ ಇರಲಿಲ್ಲ ಅಂತ ತಿಳಿಯಬೇಡಿ.

ಬೀದರ ಟೀಚರ್
ಅಣ್ಣಾರೆ, ಕಾಗದದ ಫೋಟೊ ಹಾಕಿ. ಬಿಸಿಲಲ್ಲಿ ಬೇಡ, ಕಿಟಕಿಯ ಬೆಳಕಲ್ಲಿ ತೆಗೆಯಿರಿ. ದಯವಿಟ್ಟು ಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ತೊಗರಿಹೊಲ
ಹಾಕಿದ್ದೇನೆ ಅಕ್ಕಾರೆ, ಮೂರು ಫೋಟೊ.

ಬೀದರ ಟೀಚರ್
ಎರಡು ಸಂಜೆ ಕೂತು ಓದಿದೆ, ಶಿಕಸ್ತಾ ಬರಹ, ಅಕ್ಷರ ಎಲ್ಲ ಒಂದಕ್ಕೊಂದು ಕೂಡಿಕೊಂಡಿವೆ. ತಿಂಗಳು ಬಹಮನ್, ಹಾಗಾಗಿ ಫಸ್ಲಿಯೇ. ಇದು ಹೊಲ ಕೌಲಿಗೆ (ಗೇಣಿಗೆ) ಹಿಡಿದ ಕಬೂಲಿಯತ್, ಅಂದರೆ ಒಪ್ಪಿಗೆ ಪತ್ರ. ಮುಖ್ಯವಾದದ್ದು ಎರಡನೇ ಸಾಲು. ಹೆಸರು, ವಲದ್ ಅಂತ ಬರೆದು ತಂದೆಯ ಹೆಸರು, ಆಮೇಲೆ 'ಸಾಕಿನ್' ಅಂತ ಒಂದು ಊರು, 'ಹಾಲ್ ಮುಕೀಮ್' ಅಂತ ನಿಮ್ಮ ಊರು. ಅಂದರೆ ಮೂಲ ಆ ಊರಿನವನು, ಈಗ ಇಲ್ಲಿ ವಾಸ ಅಂತ ಅರ್ಥ.

ಆ ಮೊದಲ ಊರಿನ ಹೆಸರಲ್ಲಿ ನನಗೆ ಕಾಣೋದು ಹ, ನ, ಸ, ಗ, ಕೊನೆಗೆ ಈ. ಹಂಸಗಿ ಅಂತಲೂ ಓದಬಹುದು, ಹಿನ್ಸಗಿ ಅಂತಲೂ ಓದಬಹುದು. ಉರ್ದುವಿನಲ್ಲಿ ಸಣ್ಣ ಸ್ವರ ಬರೆಯೋದಿಲ್ಲ, ನಮ್ಮ ಣ ಮತ್ತು ಳ ಇಲ್ಲ. ಣ ಬಂದ ಕಡೆ ನ ಬರೆಯುತ್ತಾರೆ, ಳ ಬಂದ ಕಡೆ ಲ. ಮಾಳಪ್ಪ ಅನ್ನೋ ಹೆಸರು ಮಾಲಪ್ಪ ಆಗೋದು ಹೀಗೆ. ಮೇಲಾಗಿ ನ ಅಕ್ಷರಕ್ಕೆ ಮೇಲೆ ಒಂದು ಚುಕ್ಕಿ, ಬ ಅಕ್ಷರಕ್ಕೆ ಕೆಳಗೆ ಒಂದು, ಬರೆಯುವವನು ಅವಸರದಲ್ಲಿ ಚುಕ್ಕಿ ಬಿಟ್ಟರೆ ಊರೇ ಬದಲಾಗುತ್ತೆ. ಇಲ್ಲಿ ಮೇಲಿನ ಚುಕ್ಕಿ ಸ್ಪಷ್ಟ ಇದೆ. ಬಿಟ್ಟ ಸ್ವರ ತುಂಬಿ ನೋಡಿದರೆ ನನಗೆ ಹುಣಸಗಿ ಅಂತಲೇ ಅನಿಸುತ್ತೆ. ಆ ಹೆಬ್ಬೆಟ್ಟು ಹೊಲ ಹಿಡಿದವನದೇ, ಪಕ್ಕದಲ್ಲಿ ಹೆಸರು ಬರೆದಿದ್ದಾರೆ.

ಭೀಮಾ ದಂಡೆ
ನನ್ನದೊಂದು ಪ್ರಶ್ನೆ. ನಿಮ್ಮ ಮನೆದೇವರು ಯಾವುದು? ಮಕ್ಕಳ ಜವಳ (ಮೊದಲ ಕೂದಲು) ಎಲ್ಲಿ ತೆಗೆಸುತ್ತೀರಿ? ಊರು ಬಿಟ್ಟು ಬಂದವರು ಹೊಲ ಬಿಡುತ್ತಾರೆ, ಮನೆದೇವರನ್ನು ಬಿಡೋದಿಲ್ಲ. ನಮ್ಮದೂ ಹಾಗೆಯೇ ಗೊತ್ತಾಗಿದ್ದು.

ತೊಗರಿಹೊಲ
ಕೊಡೇಕಲ್ ಬಸವಣ್ಣ. ಇಷ್ಟು ದೂರ ಯಾಕೆ ಹೋಗುತ್ತೇವೆ ಅಂತ ಚಿಕ್ಕವನಿದ್ದಾಗ ಕೇಳುತ್ತಿದ್ದೆ, ಮೊದಲಿಂದಲೂ ಹಾಗೇ ಅನ್ನುತ್ತಿದ್ದರು.

ಭೀಮಾ ದಂಡೆ
ಕೊಡೇಕಲ್ ಇರೋದು ಹುಣಸಗಿ ತಾಲೂಕಿನಲ್ಲೇ! ಇನ್ನು ಹೆಳವರನ್ನು, ವಂಶಾವಳಿ ಹೇಳುತ್ತಾ ಊರೂರು ತಿರುಗುವವರನ್ನು, ಹಿಡಿಯಿರಿ. ಅವರು ಮನೆತನಗಳನ್ನು ಹಂಚಿಕೊಂಡಿರುತ್ತಾರೆ, ಸುಗ್ಗಿ ಆದಮೇಲೆ ಬಂದು ಹೊತ್ತಿಗೆ ಬಿಚ್ಚಿ ವಂಶಾವಳಿ ಓದುತ್ತಾರೆ, ಹುಟ್ಟಿದ ಹೊಸ ಮಕ್ಕಳ ಹೆಸರು ಸೇರಿಸಿಕೊಂಡು ಕಾಳು ತೆಗೆದುಕೊಂಡು ಹೋಗುತ್ತಾರೆ. ನಿಮ್ಮ ಮನೆಗೆ ಬರದಿದ್ದರೂ ಮೂಲ ಊರಿನ ಅಣ್ಣತಮ್ಮಂದಿರ ಮನೆಗೆ ಬರುತ್ತಿರಬಹುದು. ಒಬ್ಬ ಮಗ ಊರು ಬಿಟ್ಟು ಹೋದ ಅಂತ ಅವರ ಹೊತ್ತಿಗೆಯಲ್ಲಿದ್ದರೆ ಆತ ನಿಮ್ಮವನೇ ಇರಬಹುದು.

ಹಳೆ ದಫ್ತರ
ದೇವರು, ಕಾಗದ ಎರಡೂ ಒಂದೇ ಕಡೆ ಕೈ ತೋರಿಸುತ್ತಿವೆ, ಒಳ್ಳೆಯದು. ಆದರೂ ತಂದೆಯ ಹೆಸರು ಅಲ್ಲಿನ ಸೇತ್ವಾರ್‌ನಲ್ಲಿ ಸಿಗುವವರೆಗೆ ಗಟ್ಟಿ ಅನ್ನಬೇಡಿ. ಹುಣಸಗಿ ಮೊದಲು ಸುರಪುರ ತಾಲೂಕಿನಲ್ಲೇ ಇತ್ತು, ಹಳೆ ದಫ್ತರ ಸುರಪುರದಲ್ಲಿ ಕೇಳಿ. ಅರ್ಜಿಯಲ್ಲಿ ಹೆಸರನ್ನು ಮೂರು ನಾಲ್ಕು ತರಹ ಬರೆದು ಕೊಡಿ, ಟೀಚರಮ್ಮ ಹೇಳಿದ ಹಾಗೆ ಳ ಒಮ್ಮೆ, ಲ ಒಮ್ಮೆ.

ತೊಗರಿಹೊಲ
ನಿನ್ನೆ ರಾತ್ರಿ ಆಯಿಗೆ ಎಲ್ಲ ಓದಿ ಹೇಳಿದೆ. ಹುಣಸಗಿ ಅಂದ ಕೂಡಲೇ, ನಮ್ಮತ್ತಿ ಸಿಟ್ಟು ಬಂದಾಗ 'ಆ ಹೊಳಿ ದಾಟಿ ಯಾಕರ ಬಂದ್ವೋ' ಅಂತಿದ್ದಳು ಅಂದಳು. ಭೀಮಾ ಹೊಳೆಯೇ ಇರಬೇಕು ಅಲ್ವಾ, ಅಲ್ಲಿಂದ ಇಲ್ಲಿಗೆ ಬರಲು ಅದನ್ನು ದಾಟಲೇಬೇಕು. ಆಮೇಲೆ ಕಾಗದ ಕೈಗೆ ತೆಗೆದುಕೊಂಡು ಹೆಬ್ಬೆಟ್ಟಿನ ಮೇಲೆ ತನ್ನ ಹೆಬ್ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು.

ಎಳ್ಳ ಅಮಾವಾಸ್ಯೆಯ ಚರಗ (ಹೊಲಕ್ಕೆ ಎಡೆ) ಚೆಲ್ಲಿ ಆಯಿಯನ್ನು ಕರೆದುಕೊಂಡು ಕೊಡೇಕಲ್‌ಗೆ ಹೋಗುತ್ತೇವೆ, ಸುರಪುರದಲ್ಲಿ ಅರ್ಜಿ ಕೊಟ್ಟು ಬರುತ್ತೇನೆ. ಹುಣಸಗಿ ಕಡೆಯವರು ಯಾರಾದರೂ ಇದ್ದರೆ, ನಿಮ್ಮ ಕಡೆ ಹೆಳವರು ಯಾವ ತಿಂಗಳು ಬರುತ್ತಾರೆ ಅಂತ ತಿಳಿಸಿ.