ಸಹಾಯ ಬೇಕು: ಕನ್ನಡಿ ಚೌಕಟ್ಟಿನ ಟೈಲ್ಸ್ ಚೂರು ಉದುರುತ್ತಿವೆ

ಎಲ್ಲರಿಗೂ ನಮಸ್ಕಾರ, ಬೀದರ್‌ನಿಂದ ಬರೆಯುತ್ತಿದ್ದೇನೆ. ನಮ್ಮೂರಿನ ರಂಗೀನ್ ಮಹಲ್‌ನಲ್ಲಿ ಕರಿಕಲ್ಲಿಗೆ ಕೂರಿಸಿದ ಮುತ್ತಿನ ಚಿಪ್ಪು, ಮಹಮೂದ್ ಗವಾನ್ ಮದರಸಾದಲ್ಲಿ ಉಳಿದಿರುವ ಬಣ್ಣದ ಹೆಂಚು ನೋಡಿ ನೋಡಿ ನನಗೂ ಹುಚ್ಚು ಹತ್ತಿತು. ಗೋಡೆ ಕನ್ನಡಿಗೆ ಮೊಸಾಯಿಕ್ ಚೌಕಟ್ಟು ಮಾಡಲು ಕೂತೆ.

12 ಎಂಎಂ ಪ್ಲೈವುಡ್ ಮೇಲೆ ಒಡೆದ ಟೈಲ್ಸ್, ಕಿವಿ ಮುರಿದ ಚಹಾ ಕಪ್ಪು, ಹಳೆ ಬಳೆ ಚೂರು, ಎಲ್ಲವನ್ನೂ ಮರದ ಬಿಳಿ ಗೋಂದಿನಲ್ಲಿ ಅಂಟಿಸಿದೆ. ಸಂದಿಗೆ ಬಿಳಿ ಸಿಮೆಂಟ್. ಎರಡು ವಾರ ಚೆನ್ನಾಗಿತ್ತು. ಬಚ್ಚಲುಮನೆ ಪಕ್ಕ ತೂಗುಹಾಕಿದ್ದೇ ತಪ್ಪಾಯಿತೇನೋ, ಸಂದಿ ಬಿರುಕು ಬಿಟ್ಟಿದೆ. ರಾತ್ರಿ ಟಕ್ ಅಂತ ಒಂದೊಂದೇ ಚೂರು ಬೀಳುತ್ತದೆ. ಮೊದಲು ಹಲ್ಲಿ ಅಂದುಕೊಂಡಿದ್ದೆ! ಬಿದ್ದ ಚೂರಿನ ಬೆನ್ನಿಗೆ ಗೋಂದು ಹಾಲಿನ ಕೆನೆಯಂತೆ ಬೆಳ್ಳಗೆ, ಮೆತ್ತಗೆ ಅಂಟಿಕೊಂಡಿದೆ.

ಸಾಲದ್ದಕ್ಕೆ ಕನ್ನಡಿ ಅಂಚಲ್ಲಿ ಕಪ್ಪು ಕಲೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂಟು ಹಾಕಿದ್ದೆ. ಅದರ ಆಮ್ಲ ಕನ್ನಡಿ ಹಿಂಬದಿಯ ಬೆಳ್ಳಿ ಲೇಪ ತಿನ್ನುತ್ತದೆ, ಆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಬೇಕಿತ್ತು ಅಂತ ಆಮೇಲೆ ಗೊತ್ತಾಯಿತು.

ಈಗ ಪೂರ್ತಿ ಕಿತ್ತು ಸಿಮೆಂಟ್ ಬೋರ್ಡ್ ಮೇಲೆ ಮಾಡಲಾ? ಭಾರ ಜಾಸ್ತಿ ಆಗಲ್ವಾ? ಇಲ್ಲಾ ಇದೇ ಪ್ಲೈಗೆ ವಾರ್ನಿಷ್ ಬಳಿದು ಎಪಾಕ್ಸಿಯಲ್ಲಿ ಅಂಟಿಸಿದರೆ ನಿಲ್ಲುತ್ತದಾ? ಸಂದಿ ತುಂಬುವ ಎಪಾಕ್ಸಿ ಗ್ರೌಟ್ ಬೀದರ್ ಅಥವಾ ಕಲಬುರಗಿಯಲ್ಲಿ ಅರ್ಧ ಕಿಲೋ ಲೆಕ್ಕದಲ್ಲಿ ಎಲ್ಲಿ ಸಿಗುತ್ತದೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.